ಹಾಡಿಗೆ ಬರುವ ಸಿಸ್ಟರ್ ಜೊತೆ ಪ್ರಶ್ನೋತ್ತರ: ಬುಧವಾರದ ಮಾತುಕತೆ

ಅಡ್ಮಿನ್ (ಬೆಳಿಗ್ಗೆ 9.50): ಎಲ್ಲರಿಗೂ ನಮಸ್ಕಾರ. ಎಚ್.ಡಿ. ಕೋಟೆ, ಹುಣಸೂರು, ದಕ್ಷಿಣ ಕೊಡಗಿನ ಹಾಡಿಗಳಿಗೆ, ಅಂದರೆ ಬುಡಕಟ್ಟು ಜನರ ಊರುಗಳಿಗೆ, ಮಾನಸಿಕ ತುರ್ತು ಇದ್ದಾಗ ಹೋಗುವ ಸಂಚಾರಿ ತಂಡದ ಸಿಸ್ಟರ್ ಇವತ್ತು ನಮ್ಮ ಜೊತೆ ಇದ್ದಾರೆ. ಜೇನು ಕುರುಬರು, ಬೆಟ್ಟ ಕುರುಬರು, ಯರವರ ನಡುವೆ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. ರೋಗಿಯ ಹೆಸರು, ಹಾಡಿ ಹೆಸರು ಹಾಕಬೇಡಿ. ಫಾರ್ವರ್ಡ್ ಬೇಡ.

ಆಶಾ, ಕೋಟೆ ತಾಲ್ಲೂಕು: ನಮಸ್ತೆ ಸಿಸ್ಟರ್. ನಮ್ಮ ಹಾಡಿಯ ಒಬ್ಬ ಹುಡುಗ, 19 ವರ್ಷ, "ಇದ್ದು ಏನು ಮಾಡಲಿ ಅಕ್ಕ" ಅಂತಾನೆ. ಸಾಯುವ ಯೋಚನೆ ಇದೆಯಾ ಅಂತ ನೇರವಾಗಿ ಕೇಳಬಹುದಾ? ನಾವೇ ತಲೆಗೆ ತುಂಬಿದ ಹಾಗೆ ಆಗಲ್ವಾ? ಮನೆಯವರಿಗೆ ಪೊಲೀಸ್ ಕೇಸ್ ಭಯ.

ಸಿಸ್ಟರ್: ಆಗಲ್ಲ ತಂಗಿ. ನೇರವಾಗಿ ಕೇಳಿ. ಕೇಳಿದರೆ ಅಪಾಯ ಹೆಚ್ಚುವುದಿಲ್ಲ, ಹೇಳಿಕೊಳ್ಳಲು ಒಂದು ದಾರಿ ಸಿಗುತ್ತದೆ. ಮನೆಯ ಒಳಗೆ ಎಲ್ಲರ ಮುಂದೆ ಬೇಡ. ಸೌದೆಗೋ ನೀರಿಗೋ ಹೋಗುವಾಗ ಜೊತೆಯಲ್ಲಿ ನಡೆಯುತ್ತಾ ಕೇಳಿ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ. ಹೊಲದ ಔಷಧಿ ಮನೆಯಲ್ಲಿದ್ದರೆ ಇವತ್ತೇ ಹೊರಗೆ ಸಾಗಿಸಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಇಲ್ಲ, ರಾತ್ರಿಯೂ ಕನ್ನಡದಲ್ಲಿ ಮಾತಾಡುತ್ತಾರೆ. ಕೇಸ್ ವಿಷಯ: 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು, ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು. ಶಿಕ್ಷೆ ಕೊಡುವಂತಿಲ್ಲ. ಮನೆಯವರಿಗೆ ಇದನ್ನು ಬಿಡಿಸಿ ಹೇಳಿ.

ಪಿರಿಯಾಪಟ್ಟಣ ಗೆಳೆಯ: ಸಿಸ್ಟರ್ ಯಾವ ನಂಬರ್‌ಗೆ ಫೋನ್ ಮಾಡಬೇಕು?

ಸಿಸ್ಟರ್: 14416.

ಗುಂಡ್ಲುಪೇಟೆ ಸ್ಟೋರ್ಸ್: *ಕುಡಿತ ಬಿಡಿಸುವ ರಾಮಬಾಣ* ಈ ಪುಡಿಯನ್ನು ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ ಕೊಡಿ. 7 ದಿನದಲ್ಲಿ ವಾಸನೆ ಕಂಡರೆ ವಾಂತಿ. ಹತ್ತು ಜನರಿಗೆ ಕಳಿಸಿ.

ಸಿಸ್ಟರ್: ದಯವಿಟ್ಟು ಇದನ್ನು ಅಳಿಸಿ. ಕುಡಿದರೆ ವಾಂತಿ ತರಿಸುವ ಮಾತ್ರೆ ನಿಜಕ್ಕೂ ಇದೆ. ಡಾಕ್ಟರ್ ಪರೀಕ್ಷೆ ಮಾಡಿ, ಕುಡಿಯುವವರೇ ಒಪ್ಪಿದ ಮೇಲೆ ಕೊಡುವ ಮಾತ್ರೆ ಅದು. ಹೇಳದೆ ಬೆರೆಸಿದರೆ, ಅವರು ಕುಡಿದಾಗ ಬಿಪಿ ಇಳಿದು ಎದೆಬಡಿತ ಏರುಪೇರಾಗಿ ಜೀವಕ್ಕೇ ಅಪಾಯ. ಪುಡಿಯಲ್ಲಿ ಏನಿದೆ ಅಂತ ಮಾರುವವರಿಗೂ ಗೊತ್ತಿರುವುದಿಲ್ಲ.

ತೋಟದ ರೈಟರ್, ಕೊಡಗು: ಸಿಸ್ಟರ್, ಅರ್ಜೆಂಟ್. ನಮ್ಮ ಲೈನ್ ಮನೆಯ ಒಬ್ಬ ಯರವ ಕೆಲಸಗಾರ, 40 ವರ್ಷ ಇರಬಹುದು. ದಿನಾ ಕುಡಿಯುತ್ತಿದ್ದ. ಜ್ವರ ಬಂದು ಭಾನುವಾರ ಸಂಜೆಯಿಂದ ಕುಡಿದಿಲ್ಲ. ಸೋಮವಾರ ಕೈ ನಡುಗುತ್ತಿತ್ತು. ನಿನ್ನೆ ರಾತ್ರಿಯಿಂದ ಗೋಡೆ ತುಂಬ ಇರುವೆ ಅಂತಾನೆ, ಕಂಬಳಿಯಿಂದ ಏನೋ ಹೆಕ್ಕಿ ಹೆಕ್ಕಿ ಎಸೆಯುತ್ತಾನೆ. ಹೆಂಡತಿಯ ಗುರುತೂ ಹತ್ತುತ್ತಿಲ್ಲ. ಕೆರೆ ಕಡೆ ಓಡಿದ. ಹುಡುಗರು ಹಿಡಿದು ಕಾಫಿ ಕಣದ ಕಂಬಕ್ಕೆ ಕಟ್ಟಿದ್ದಾರೆ. ದೆವ್ವ ಅಂತ ಹಿರಿಯರನ್ನು ಕರೆಸಿದ್ದಾರೆ. ಏನು ಮಾಡಲಿ?

ಸಿಸ್ಟರ್: ಸರ್, ಮೊದಲು ಒಬ್ಬರನ್ನು 108ಕ್ಕೆ ಫೋನ್ ಮಾಡಲು ಹೇಳಿ, ಆಮೇಲೆ ಇದನ್ನು ಓದಿ. ತಡವಾಗುತ್ತೆ ಅಂದರೆ ತೋಟದ ಜೀಪಿನಲ್ಲೇ ಹೊರಡಿ.

ಇದು ಹುಚ್ಚಲ್ಲ. ತುಂಬ ದಿನ ಕುಡಿದ ದೇಹಕ್ಕೆ ಕುಡಿತ ದಿಢೀರ್ ನಿಂತರೆ ಹೀಗಾಗುತ್ತದೆ. ಮೊದಲ ದಿನ ನಡುಕ, ಬೆವರು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಒಳಗೆ ಭ್ರಮೆ, ದಿಕ್ಕು ತಪ್ಪುವುದು. ನೀವು ಬರೆದಿರುವುದು ಇದಕ್ಕೆ ಸರಿಯಾಗಿ ಕೂಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಜನ ಸಾಯುತ್ತಾರೆ. ಸಿಕ್ಕರೆ ಬಹುಪಾಲು ಜನ ಕೆಲವೇ ದಿನದಲ್ಲಿ ತಿಳಿಯಾಗುತ್ತಾರೆ. ಜ್ವರವೂ ಇದೆ ಅಂದಿರಿ, ಹಾಗಾಗಿ ಬೇರೆ ಸೋಂಕನ್ನೂ ನೋಡಬೇಕು. ಬಿದ್ದು ತಲೆಗೆ ಪೆಟ್ಟಾಗಿದೆಯಾ? ಕಿವಿಯ ಹಿಂದೆ, ತಲೆಗೂದಲ ಒಳಗೆ ಕೈಯಾಡಿಸಿ ನೋಡಿ.

ಹಗ್ಗ ಬಿಚ್ಚಿ. ಕಟ್ಟಿದಷ್ಟೂ ಒದ್ದಾಡುತ್ತಾನೆ, ಮೈ ಬಿಸಿ ಏರುತ್ತದೆ. ಅವನಿಗೆ ಪರಿಚಯವಿರುವ ಇಬ್ಬರು ಆಚೆ ಈಚೆ ಕೂತು ತೋಳು ಹಿಡಿದುಕೊಳ್ಳಲಿ. ಬಿಸಿಲಿನಿಂದ ಒಳಗೆ ಕರೆತನ್ನಿ. ದೀಪ ಹಾಕಿ, ಕತ್ತಲೆಯಲ್ಲಿ ಇರುವೆ ಜಾಸ್ತಿಯಾಗುತ್ತದೆ. ಇರುವೆ ಇಲ್ಲ ಅಂತ ವಾದ ಮಾಡಬೇಡಿ, ಇದೆ ಅಂತಲೂ ಹೇಳಬೇಡಿ. "ನಾನಿದ್ದೇನೆ, ಹೆದರಬೇಡ" ಅಷ್ಟೇ ಸಾಕು. ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಕೈಗೆ ಕಬ್ಬಿಣವೂ ಬೇಡ. ಮೆಡಿಕಲ್ ಸ್ಟೋರಿನ ನಿದ್ದೆ ಮಾತ್ರೆ ಬೇಡ.

ಡಾಕ್ಟರ್ ಹತ್ತಿರ ಮೊದಲ ಮಾತೇ "ಭಾನುವಾರ ಸಂಜೆ ಕುಡಿತ ನಿಂತಿದೆ" ಅಂತಿರಲಿ. ಗ್ಲೂಕೋಸ್ ಹಾಕುವ ಮೊದಲು ವಿಟಮಿನ್ ಬಿ1 ಇಂಜೆಕ್ಷನ್ ಬೇಕಾ ಅಂತ ಕೇಳಿ.

ಹಿರಿಯರನ್ನು ವಾಪಸ್ ಕಳಿಸಬೇಡಿ. ಅವರೂ ಗಾಡಿ ಹತ್ತಲಿ. ಅವರು ಜೊತೆಗೆ ಬಂದರೆ ಹೆಂಡತಿಗೆ ಧೈರ್ಯ ಬರುತ್ತದೆ. ಮಾಡಬೇಕಾದ ಶಾಸ್ತ್ರವನ್ನು ಅವನು ತಿಳಿಯಾಗಿ ಬಂದ ಮೇಲೆ ಮಾಡಲಿ, ನಾನೂ ಬಂದು ಕೂರುತ್ತೇನೆ. ನಮ್ಮ ತಂಡದಲ್ಲಿ ಯರವರ ಹುಡುಗಿ ಇದ್ದಾಳೆ. ಹೆಂಡತಿಗೆ ಫೋನ್ ಕೊಡಿ, ಅವರ ಮಾತಿನಲ್ಲೇ ಹೇಳುತ್ತಾಳೆ.

ಗುಂಡ್ಲುಪೇಟೆ ಸ್ಟೋರ್ಸ್: ಇಷ್ಟೆಲ್ಲ ಯಾಕೆ, ಒಂದು ನೈಂಟಿ ಹಾಕಿದರೆ ಎದ್ದು ಕೂರ್ತಾನೆ. ನಮ್ಮ ಕಡೆ ಹಾಗೇ ಮಾಡೋದು.

ಸಿಸ್ಟರ್: ಬುದ್ಧಿ ಸ್ಥಿಮಿತದಲ್ಲಿಲ್ಲದವನ ಬಾಯಿಗೆ ಏನು ಹುಯ್ದರೂ ಶ್ವಾಸಕೋಶಕ್ಕೆ ಇಳಿಯಬಹುದು. ಒಂದು ಜೀವದ ವಿಷಯ ನಡೀತಿದೆ ಇಲ್ಲಿ. ಸುಮ್ನೆ ಇರಿ.

ಮೈಸೂರು ನಿವಾಸಿ: ಸತ್ಯ ಹೇಳಿದರೆ ಬೇಜಾರು ಮಾಡ್ಕೋಬೇಡಿ. ಈ ಜನಕ್ಕೆ ಕುಡಿತ ರಕ್ತದಲ್ಲೇ ಇದೆ. ಸರ್ಕಾರ ಮನೆ ಕೊಟ್ಟರೂ ಅಷ್ಟೇ.

ಹಾಡಿ ಹುಡುಗ: ರಕ್ತದಲ್ಲಿ ಏನಿದೆ ಅಂತ ನಿಮಗೆ ಹೇಗೆ ಗೊತ್ತು? ನಾನು ಜೇನು ಕುರುಬ. ನನ್ನ ಅಜ್ಜ ನಾಗರಹೊಳೆ ಒಳಗೆ ಹುಟ್ಟಿದವರು. ಆನೆ ಹಾಕಿ ಗುಡಿಸಲು ಕೆಡವಿದ್ದನ್ನು ನೋಡಿದವರು. ಹೊರಗೆ ಹಾಕಿದ ಮೇಲೆ ತೋಟದಲ್ಲಿ ಕೂಲಿ, ಸಂಜೆ ಕೂಲಿಯ ಜೊತೆಗೇ ಸಾರಾಯಿ ಪ್ಯಾಕೆಟ್. ಅದನ್ನು ಕೊಟ್ಟವರು ಯಾರು?

ಮೈಸೂರು ನಿವಾಸಿ: ಕಾಡು ಉಳಿಯಬೇಕಲ್ಲ ತಮ್ಮಾ. ಹುಲಿಗೆ ಜಾಗ ಬೇಡ್ವಾ?

ಹಾಡಿ ಹುಡುಗ: ತಮ್ಮಾ ಅನ್ನಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆ ಓದಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯದ ಹಕ್ಕು ಸಿಕ್ಕಿತು, ಅದೂ ಹುಲಿ ರಕ್ಷಿತಾರಣ್ಯದಲ್ಲೇ.

ಅಡ್ಮಿನ್: ಇಬ್ಬರೂ ವಿಷಯಕ್ಕೆ ಬನ್ನಿ.

ಹಾಡಿ ಹುಡುಗ: ಇದೇ ವಿಷಯ ಅಣ್ಣ.

ಸಿಸ್ಟರ್: ಹೌದು, ಇದೇ ವಿಷಯ. ನಮಗೆ ಮೊದಲು ಸಿಕ್ಕಿದ್ದ ಜೀಪು ಹಸಿರು ಬಣ್ಣದ್ದು. ತಿರುವಿನಲ್ಲಿ ಗೇರ್ ಬದಲಿಸಿದ ಸದ್ದು ಕೇಳಿದರೆ ಸಾಕು, ಹಾಡಿ ಖಾಲಿ. ಒಲೆಯ ಮೇಲೆ ರಾಗಿ ಎಸರು ಕುದಿಯುತ್ತಿರುತ್ತಿತ್ತು, ಮನುಷ್ಯರಿಲ್ಲ. ಅರಣ್ಯ ಇಲಾಖೆಯವರು ಬಂದರು ಅಂತ ಓಡುತ್ತಿದ್ದರು. ಈಗ ಗಾಡಿಯನ್ನು ಟಾರು ರಸ್ತೆಯಲ್ಲೇ ಬಿಟ್ಟು ನಡೆದು ಹೋಗುತ್ತೇವೆ. ಮೊದಲು ಯಜಮಾನರ ಮನೆ ಮುಂದೆ ಕೂರುತ್ತೇವೆ.

ಆಶ್ರಮ ಶಾಲೆ ಮೇಷ್ಟ್ರು, ಹುಣಸೂರು: ಸಿಸ್ಟರ್, ನಮ್ಮ ಹಾಸ್ಟೆಲ್‌ನಲ್ಲಿ 11 ವರ್ಷದ ಜೇನು ಕುರುಬರ ಹುಡುಗಿ. ಸತ್ತ ಅಜ್ಜಿ ರಾತ್ರಿ ಕರೆಯುತ್ತಾಳೆ ಅಂತಾಳೆ. ಉಳಿದ ಮಕ್ಕಳು ಹೆದರಿದ್ದಾರೆ. ಯಾವ ಮಾತ್ರೆ ಕೊಡಬೇಕು?

ಸಿಸ್ಟರ್: ಮಾತ್ರೆಗೆ ಮೊದಲು ಮೂರು ವಿಷಯ ಬೇಕು ಮೇಷ್ಟ್ರೇ. ಅಜ್ಜಿ ಯಾವಾಗ ತೀರಿಕೊಂಡರು? ಹುಡುಗಿಯನ್ನು ಮಣ್ಣಿಗೆ, ತಿಥಿಗೆ ಕಳಿಸಿದ್ದಿರಾ? ಊಟ, ನಿದ್ದೆ, ಆಟ ಹೇಗಿದೆ?

ಆಶ್ರಮ ಶಾಲೆ ಮೇಷ್ಟ್ರು: ಎರಡು ತಿಂಗಳಾಯಿತು. ಪರೀಕ್ಷೆ ಇತ್ತು, ಕಳಿಸಲಿಲ್ಲ. ಊಟ ಆಟ ಚೆನ್ನಾಗಿದೆ.

ಸಿಸ್ಟರ್: ಹಾಗಿದ್ದರೆ ಅವಳನ್ನು ಊರಿಗೆ ಕಳಿಸಿ. ಹಾಡಿಯಲ್ಲಿ ತೀರಿಹೋದ ಹಿರಿಯರ ಜೊತೆ ಮಾತಾಡುವುದು ಕಾಯಿಲೆ ಅಲ್ಲ, ಸಂಬಂಧ. ಆ ದನಿ ಅವಳನ್ನು ಬೈದರೆ, ಸಾಯಲು ಹೇಳಿದರೆ, ಊಟ ನಿದ್ದೆ ಬಿಟ್ಟರೆ ಆಗ ನನಗೆ ತಕ್ಷಣ ಫೋನ್ ಮಾಡಿ.

ಒಬ್ಬ ಹೆಂಗಸು ಪುನರ್ವಸತಿ ಕಾಲೋನಿಗೆ ಬಂದ ಮೇಲೆ ಎಂಟು ತಿಂಗಳು ಮಾತೇ ಆಡಿರಲಿಲ್ಲ. ಔಷಧಿ ಕೊಟ್ಟೆವು, ನಿದ್ದೆ ಬಂತು, ಮಾತು ಬರಲಿಲ್ಲ. ಕೊನೆಗೆ ಯಜಮಾನರೇ ಹೇಳಿದರು, ಇವಳ ತಾಯಿಯನ್ನು ಹಳೆಯ ಹಾಡಿಯಲ್ಲೇ ಮಣ್ಣು ಮಾಡಿದ್ದು, ಅಲ್ಲಿಗೆ ಕರೆದುಕೊಂಡು ಹೋಗಿ ಅಂತ. ಪರ್ಮಿಷನ್‌ಗೆ ಮೂರು ಸಲ ಅಲೆದೆವು. ಅಲ್ಲಿ ಲಂಟಾನ ಬೆಳೆದು ಏನೂ ಕಾಣುತ್ತಿರಲಿಲ್ಲ. ಆಕೆ ನೆಟ್ಟಗೆ ಒಂದು ಕಡೆ ಹೋಗಿ ಕೂತು, ಎಲೆ ಸರಿಸಿ, ಒಲೆಯ ಕಲ್ಲು ತೋರಿಸಿದರು. ಒಂದು ಹಿಡಿ ಮಣ್ಣನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ವಾಪಸ್ ಬರುವಾಗ ಗಾಡಿಯಲ್ಲಿ ನೀರು ಕೇಳಿದರು. ಎಂಟು ತಿಂಗಳಲ್ಲಿ ಮೊದಲ ಮಾತು ಅದು. ಮಾತ್ರೆ ನಿಲ್ಲಿಸಿಲ್ಲ, ಎರಡೂ ನಡೆಯುತ್ತಿದೆ.

ಚಾಮರಾಜನಗರ ಓದುಗ: ಮೂಢನಂಬಿಕೆಗೆ ನರ್ಸ್‌ಗಳೇ ಬೆಂಬಲ ಕೊಟ್ಟರೆ ಹೇಗೆ?

ಹಾಡಿ ಹುಡುಗ: ನಿಮ್ಮ ಮನೆಯಲ್ಲಿ ತಿಥಿ ಮಾಡಲ್ವಾ ಸಾರ್?

ಚಾಮರಾಜನಗರ ಓದುಗ: ಅದು ಬೇರೆ.

ಹಾಡಿ ಹುಡುಗ: ಹೇಗೆ ಬೇರೆ?

ಸಿಯಾಟಲ್ ಕನ್ನಡಿಗ: ಇಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ 988 ತುರ್ತು ನಂಬರ್‌ಗೆ ಕರೆ ಮಾಡಿ 4 ಒತ್ತಿದರೆ ಮೂಲನಿವಾಸಿ ಸಮುದಾಯದವರೇ ಮಾತಾಡುತ್ತಾರೆ. ನೇಟಿವ್ ಅಂಡ್ ಸ್ಟ್ರಾಂಗ್ ಅಂತ, 2022ರಲ್ಲಿ ಶುರುವಾಯಿತು. ನಮ್ಮಲ್ಲೂ ಆಗಬಹುದಾ?

ಸಿಸ್ಟರ್: ಆಗಬೇಕು. 14416ರಲ್ಲಿ ಕನ್ನಡ ಸಿಗುತ್ತದೆ. ಜೇನು ಕುರುಬರ ನುಡಿ, ಯರವರ ನುಡಿ ಆಡುವವರು ಫೋನ್ ಎತ್ತಬೇಕು. ದುಃಖ ಬಂದಾಗ ಯಾರೂ ಎರಡನೇ ಭಾಷೆಯಲ್ಲಿ ಅಳುವುದಿಲ್ಲ.

ನಂಜನಗೂಡು ಸದಸ್ಯೆ: ನಮ್ಮ ಭಾವನಿಗೆ ಅಂಗವಿಕಲ ಸರ್ಟಿಫಿಕೇಟ್ ಎಲ್ಲಿ ಮಾಡಿಸಬೇಕು ಮೇಡಂ?

ಗುಂಡ್ಲುಪೇಟೆ ಸ್ಟೋರ್ಸ್: *ವಿಷ ಕುಡಿದವರಿಗೆ ತಕ್ಷಣ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ. ಜೀವ ಉಳಿಸಿ, ಶೇರ್ ಮಾಡಿ.*

ಸಿಸ್ಟರ್: ಬೇಡ! ವಾಂತಿ ಮಾಡಿಸಲೇಬೇಡಿ. ಉಪ್ಪುನೀರೂ ಬೇಡ, ಸೋಪಿನ ನೀರೂ ಬೇಡ. ಎಡ ಮಗ್ಗುಲಿಗೆ ಮಲಗಿಸಿ, ಬಟ್ಟೆ ಬದಲಿಸಿ, ಮೈ ತೊಳೆಯಿರಿ, ಡಬ್ಬಿ ಸಮೇತ ಆಸ್ಪತ್ರೆಗೆ ಓಡಿ. ಅಡ್ಮಿನ್, ಇವರನ್ನು ದಯವಿಟ್ಟು ತಡೆಯಿರಿ. ಉಪ್ಪುನೀರು ಹುಯ್ದು ಉಸಿರು ಕಟ್ಟಿದ ಹುಡುಗಿಯನ್ನು ನಾನು ಕೈಯಾರೆ ಎತ್ತಿದ್ದೇನೆ.

ಗುಂಡ್ಲುಪೇಟೆ ಸ್ಟೋರ್ಸ್: ಒಳ್ಳೆಯದಕ್ಕೆ ಹಾಕಿದ್ದು. ಇಷ್ಟು ಕೋಪ ಯಾಕೆ?

ಪಿರಿಯಾಪಟ್ಟಣ ಗೆಳೆಯ: ನಂಬರ್ ಮತ್ತೊಮ್ಮೆ ಹೇಳ್ತೀರಾ, ಮೇಲೆ ಹೋಯ್ತು.

ಸಿಸ್ಟರ್: 14416. ಬರೆದುಕೊಳ್ಳಿ.

ಆಶಾ, ಕೋಟೆ ತಾಲ್ಲೂಕು: ಸಿಸ್ಟರ್, ಹುಡುಗನನ್ನು ಕೇಳಿದೆ. ಹೌದು ಅಂದ. ತುಂಬ ಹೊತ್ತು ಅತ್ತ. ಈಗ ನಮ್ಮ ಮನೆಯಲ್ಲೇ ಇದ್ದಾನೆ.

ಸಿಸ್ಟರ್: ಒಳ್ಳೆಯ ಕೆಲಸ ಮಾಡಿದಿರಿ ತಂಗಿ. ಇವತ್ತು ರಾತ್ರಿ ಯಾರಾದರೂ ಅವನ ಪಕ್ಕದಲ್ಲೇ ಮಲಗಲಿ. ನಾಳೆ ಎಂಟಕ್ಕೆ ನಾವು ಬರುತ್ತೇವೆ.

ಮೈಸೂರು ನಿವಾಸಿ: ನಾನು ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ತೋಟದ ರೈಟರ್, ಕೊಡಗು (ಮಧ್ಯಾಹ್ನ 2.15): ಸಿಸ್ಟರ್, ಆಸ್ಪತ್ರೆಗೆ ಸೇರಿಸಿದೆವು. ಹಿರಿಯರೂ ಬಂದರು. ಬಿ1 ಕೇಳಿದೆ, ಡಾಕ್ಟರ್ ಮೊದಲೇ ಬರೆದಿದ್ದರು. ಇಂಜೆಕ್ಷನ್ ಆದ ಮೇಲೆ ಸ್ವಲ್ಪ ಕಣ್ಣು ಮುಚ್ಚಿದ. ಆದರೆ ಹೆಂಡತಿ ನೆಲದ ಮೇಲೆ ಕೂತಿದ್ದಾಳೆ ಅಂತ ವಾರ್ಡಿನವರು ಹೊರಗೆ ಹೋಗು ಅಂತಿದ್ದಾರೆ. ಅವಳಿಗೆ ಅವರ ಮಾತು ಅರ್ಥವಾಗುತ್ತಿಲ್ಲ.

ಸಿಸ್ಟರ್: ಹೊರಗೆ ಕಳಿಸಲು ಬಿಡಬೇಡಿ. ಅವನು ಕಣ್ಣು ಬಿಟ್ಟಾಗ ಗುರುತಿನ ಮುಖ ಕಾಣಬೇಕು. ಡ್ಯೂಟಿ ನರ್ಸ್‌ಗೆ ಫೋನ್ ಕೊಡಿ, ನಾನು ಮಾತಾಡುತ್ತೇನೆ.