ಸಹಾಯ ಬೇಕು: ವಿಮಾನದ ದೂರ ಸರಿ ಬರುತ್ತಿದೆ, ಸಮಯ ಹೊಂದುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಮತ್ತು ಪ್ರಯಾಣದ ಸಮಯ ತೋರಿಸುವ ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೇನೆ. ದೂರಕ್ಕೆ ಹ್ಯಾವರ್‌ಸೈನ್ ಸೂತ್ರ (ಗೋಳದ ಮೇಲಿನ ಎರಡು ಜಾಗಗಳ ನಡುವಿನ ದೂರ ಕೊಡುವ ಸೂತ್ರ), ಭೂಮಿಯ ತ್ರಿಜ್ಯ 6371 ಕಿ.ಮೀ. ಲಂಡನ್ ಹೀಥ್ರೂದಿಂದ ನ್ಯೂಯಾರ್ಕ್ ಜೆಎಫ್‌ಕೆಗೆ ಸುಮಾರು 5,540 ಕಿ.ಮೀ. ಬರುತ್ತದೆ. ಭೂಮಿ ಪೂರ್ತಿ ಗುಂಡಗಿಲ್ಲ, ಹಾಗಾಗಿ ಅರ್ಧ ಪರ್ಸೆಂಟ್‌ವರೆಗೆ ಆಚೀಚೆ ಆಗಬಹುದು. ಅದು ನನಗೆ ಪರವಾಗಿಲ್ಲ.

ತೊಂದರೆ ಇರುವುದು ಸಮಯದಲ್ಲಿ. ಗಂಟೆಗೆ 900 ಕಿ.ಮೀ. ಎಂದು ಭಾಗಿಸಿದರೆ 6 ಗಂಟೆ 10 ನಿಮಿಷದ ಹತ್ತಿರ ಬರುತ್ತದೆ. ವೇಳಾಪಟ್ಟಿಯಲ್ಲಿ ಇರುವುದು ಸುಮಾರು 8 ಗಂಟೆ! ವಾಪಸ್ ಬರುವಾಗ ಅದಕ್ಕಿಂತ ಒಂದು ಗಂಟೆಯಷ್ಟು ಕಡಿಮೆ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ (ತುಂಬಾ ಎತ್ತರದಲ್ಲಿ ಜೋರಾಗಿ ಬೀಸುವ ಗಾಳಿ) ಇದಕ್ಕೆ ಕಾರಣ, ಅಲ್ವಾ? ಜೊತೆಗೆ ವೇಳಾಪಟ್ಟಿಯ ಸಮಯ ಗೇಟಿನಿಂದ ಗೇಟಿಗೆ ಲೆಕ್ಕ. ಟ್ಯಾಕ್ಸಿ (ಗೇಟಿಗೂ ರನ್‌ವೇಗೂ ನಡುವೆ ವಿಮಾನ ನೆಲದ ಮೇಲೆ ಚಲಿಸುವುದು), ಏರುವುದು, ಇಳಿಯುವುದು ಎಲ್ಲವೂ ಅದರಲ್ಲೇ ಸೇರಿರುತ್ತದೆ.

ಇದಕ್ಕೆಲ್ಲ ಸುಮ್ನೆ 30 ನಿಮಿಷ ಸೇರಿಸಿದರೆ ಸಾಕಾ? ಹತ್ತಿರದ ಊರುಗಳಿಗೆ ವಿಮಾನ ಪೂರ್ತಿ ವೇಗಕ್ಕೆ ಹೋಗುವುದೇ ಸ್ವಲ್ಪ ಹೊತ್ತು, ಅಲ್ಲಿ ಸರಾಸರಿ ವೇಗ ಎಷ್ಟು ಇಟ್ಟುಕೊಳ್ಳಬೇಕು? ಗಾಳಿಯನ್ನು ದಿಕ್ಕಿನ ಪ್ರಕಾರ ಲೆಕ್ಕಕ್ಕೆ ತರುವ ಸರಳ ದಾರಿ ಇದೆಯಾ? ಇಂಥ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ. ತಪ್ಪು ಸಮಯ ತೋರಿಸಿ ಜನರನ್ನು ದಾರಿ ತಪ್ಪಿಸಲು ನನಗೆ ಇಷ್ಟವಿಲ್ಲ.