ಒಂದು ದಿನ ಗೋಫರ್ ಬಿಟ್ಟರೆ ಕಾಡು ಬೆಳೆಯುತ್ತಾ?

(ಕೃಷಿ ಬಿಎಸ್ಸಿ ಹಳೆಯ ಬ್ಯಾಚ್‌ನ ಗುಂಪು)

ಮಂಜು: ↪ ಫಾರ್ವರ್ಡ್: "ಜ್ವಾಲಾಮುಖಿ ಬೂದಿ ಮೇಲೆ ಒಂದೇ ದಿನ ಇಲಿ ಬಿಟ್ಟರು. 40 ವರ್ಷಕ್ಕೆ ದಟ್ಟ ಕಾಡು! ಗೊಬ್ಬರ ಮಾರುವವರು ಮುಚ್ಚಿಟ್ಟ ಸತ್ಯ!!"
ನಾನು ಮೊದಲೇ ಹೇಳಿರಲಿಲ್ವಾ?

ಸುಮಾ: ಮೂಲ ಎಲ್ಲಿ? ಯಾವ ಊರು, ಯಾವ ವರ್ಷ?

ಮಂಜು: ಶುರುವಾಯ್ತು. ರೀಯೂನಿಯನ್ ಲೆಕ್ಕಕ್ಕೂ ರಸೀದಿ ಕೇಳಿದವಳು ನೀನೇ.

ಸುಮಾ: ಆ ರಸೀದಿ ಇನ್ನೂ ಬಂದಿಲ್ಲ. ಇದು ಅಮೆರಿಕದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ. ಸಿಡಿದದ್ದು 1980ರ ಮೇ 18. ನಿನ್ನ ಇಲಿ ಅಂದ್ರೆ ಗೋಫರ್, ಬಿಲ ತೋಡೋ ದಂಶಕ. ಅದನ್ನ ಬಿಟ್ಟದ್ದು 1983ರಲ್ಲಿ, ಪ್ಯೂಮಿಸ್ ಅನ್ನೋ ಹಗುರ ಜ್ವಾಲಾಮುಖಿ ಕಲ್ಲು ಹಾಸಿದ್ದ ಎರಡು ತಾಕುಗಳಲ್ಲಿ. ಆಗ ಅಲ್ಲಿದ್ದದ್ದು ಹತ್ತು ಹನ್ನೆರಡು ಗಿಡ. ಆರು ವರ್ಷಕ್ಕೆ ಸುಮಾರು 40,000 ಆದವು, ಸುತ್ತಲಿನ ನೆಲ ಹೆಚ್ಚುಕಡಿಮೆ ಬರಿದೇ ಇತ್ತು. ಅದನ್ನ ಕಾಡು ಮಾಡಿದ್ದು ನಿನ್ನ ಫಾರ್ವರ್ಡ್.

ರವಿ: ಬಿಜಾಪುರ ಟೂರ್‌ನಲ್ಲಿ ಎರೆಮಣ್ಣಲ್ಲಿ ಬಸ್ ಹೂತಿತ್ತಲ್ಲ! ಅದೂ ಲಾವಾ ಕಲ್ಲಿನ ಮಣ್ಣೇ 😄

ಪಾಟೀಲ ಸರ್: ಭೂತಾಯಿಗೆ ತಾಳ್ಮಿ ಐತಿ, ನಮಗಿಲ್ಲ. ಮಕ್ಕಳಿಗೆ ಮಣ್ಣು ಮುಟ್ಟೋದು ಕಲಸ್ರಿ.

ಮಂಜು: ಹಾಗಾದ್ರೆ ಗೋಫರ್ ಮಾಡಿದ್ದೇನು?

ಸುಮಾ: ಹೊಸ ಬೂದಿಯಲ್ಲಿ ಸಾರಜನಕ, ಸಾವಯವ ಇಂಗಾಲ ಇಲ್ಲವೆನ್ನುವಷ್ಟು ಕಡಿಮೆ. ಮೊದಲು ಬಂದ ಲ್ಯೂಪಿನ್ ಅನ್ನೋ ದ್ವಿದಳ ಗಿಡ ಬೇರುಗಂಟಿನ ರೈಜೋಬಿಯಂ ಬ್ಯಾಕ್ಟೀರಿಯಾದಿಂದ ಸಾರಜನಕ ಕೂಡಿಸಿತು. ಆದರೆ ಬೇರಿನೊಳಗೆ ಸೇರಿ ಗಿಡಕ್ಕೆ ರಂಜಕ ತಂದುಕೊಡೋ ವ್ಯಾಮ್ ಶಿಲೀಂಧ್ರದ ಬೀಜಕಗಳು ದೊಡ್ಡವು, ಬ್ಯಾಕ್ಟೀರಿಯಾದಷ್ಟು ಸುಲಭವಾಗಿ ಗಾಳಿಗೆ ಹಾರಿಬರಲ್ಲ. ಅವು ಬೂದಿಯ ಕೆಳಗಿನ ಹಳೇ ಮಣ್ಣಲ್ಲಿ ಉಳಿದಿದ್ದವು. ಗೋಫರ್ ಬಿಲ ತೋಡಿ ಆ ಮಣ್ಣನ್ನ ಮೇಲೆ ತಂದಿತು. ಆ ತಾಕುಗಳ ಸೂಕ್ಷ್ಮಜೀವಿಗಳಲ್ಲಿ ಆ ಒಂದು ದಿನದ ಗುರುತು ಇನ್ನೂ ಇದೆ ಅಂತ 2024ರ ಅಧ್ಯಯನ ಹೇಳುತ್ತೆ.

ಮಂಜು: ನಾನು ವ್ಯಾಮ್ ಪುಡಿ ಹಾಕಿದ್ದೆ, ಏನೂ ಆಗಲಿಲ್ಲ. ನೀನೇ ಹೇಳಿದ್ದು!

ಸುಮಾ: ಡಿಎಪಿ ಅಂದ್ರೆ ರಂಜಕದ ಗೊಬ್ಬರ, ಅದನ್ನ ಸುರಿದು ಅದರ ಮೇಲೆ ಹಾಕು ಅಂತ ಹೇಳಿರಲಿಲ್ಲ. ರಂಜಕ ಹೆಚ್ಚಾದ್ರೆ ಬೇರು ಶಿಲೀಂಧ್ರವನ್ನ ಸೇರಿಸ್ಕೊಳ್ಳಲ್ಲ. ಶಿಲೀಂಧ್ರನಾಶಕ ಕಾರ್ಬೆಂಡಜಿಮ್ ಹಚ್ಚಿದ ಬೀಜದ ಜೊತೆಗೂ ಬೇಡ. ಮೇಲೆ ಎರಚಿದ್ರೆ ದಂಡ, ಬೀಜದ ಕೆಳಗೆ ಬೇರು ಮುಟ್ಟೋ ಹಾಗೆ ಬೀಳಬೇಕು.

ರವಿ: ಬಸ್ ತಳ್ಳಿದವರಲ್ಲಿ ಮಂಜು ಇರಲಿಲ್ಲ 😂

ಮಂಜು: ರವಿ, ಸುಮ್ನಿರು. ಸುಮಾ, ಕೃಷಿ ಹೊಂಡ ತೋಡಿಸ್ತಿದೀನಿ. ಮಣ್ಣು ಏನು ಮಾಡ್ಲಿ?

ಸುಮಾ: ಮೇಲಿನ ಅರ್ಧ ಅಡಿ ಬೇರೆ ತೆಗೆಸು, ಕೆಳಗಿನ ಮಣ್ಣಿಗೆ ಬೆರೆಸಬೇಡ. ಗುಡ್ಡೆ ತಗ್ಗಾಗಿರಲಿ. ತಿಂಗಳುಗಟ್ಟಲೆ ಇಡೋದಾದ್ರೆ ಮೇಲೆ ಅಲಸಂದೆ ಚೆಲ್ಲು. ಬೇರು ಇದ್ದರೆ ಶಿಲೀಂಧ್ರ ಬದುಕುತ್ತೆ. ರಸೀದಿನೂ ಕಳಿಸು.