ಹೆಪಟೈಟಿಸ್ ಬಿ: ಫೈಬ್ರೋಸ್ಕ್ಯಾನ್‌ನಲ್ಲಿ 9.8 ಬಂದಿದೆ, ಬಯಾಪ್ಸಿ ಮಾಡಿಸಲೇಬೇಕೇ?

ಪ್ರಶ್ನೆ

ನನ್ನ ತಮ್ಮನಿಗೆ 38 ವರ್ಷ. ಕಳೆದ ವರ್ಷ ರಕ್ತದಾನಕ್ಕೆ ಹೋದಾಗ ಹೆಪಟೈಟಿಸ್ ಬಿ ಇರುವುದು ತಿಳಿಯಿತು. ಎಂಟು ತಿಂಗಳ ನಂತರವೂ ಎಚ್‌ಬಿಎಸ್‌ಎಜಿ (ರಕ್ತದಲ್ಲಿ ಈ ವೈರಸ್ಸಿನ ಗುರುತು ಹುಡುಕುವ ಪರೀಕ್ಷೆ) ಪಾಸಿಟಿವ್ ಬಂದಿದ್ದರಿಂದ ಇದು ದೀರ್ಘಕಾಲದ ಸೋಂಕು ಎಂದು ವೈದ್ಯರು ಹೇಳಿದ್ದಾರೆ. ಈ ತಿಂಗಳ ವರದಿಯಲ್ಲಿ ಲಿವರಿನ ಕಿಣ್ವಗಳಾದ ಎಸ್‌ಜಿಪಿಟಿ 96, ಎಸ್‌ಜಿಒಟಿ 64, ಪ್ಲೇಟ್‌ಲೆಟ್ 1.8 ಲಕ್ಷ, ವೈರಸ್ ಪ್ರಮಾಣ ಮಿಲಿಲೀಟರಿಗೆ 48,000 ಐಯು ಇದೆ. ಫೈಬ್ರೋಸ್ಕ್ಯಾನ್ 9.8 ಕಿಲೋಪಾಸ್ಕಲ್ ತೋರಿಸಿದ್ದು, ಕೆಳಗೆ 'ಎಫ್3' ಎಂದು ಮುದ್ರಿಸಿದ್ದಾರೆ. ಅದು ಸಿರೋಸಿಸ್‌ಗಿಂತ (ಲಿವರ್ ತೀವ್ರವಾಗಿ ಕಲೆಗಟ್ಟಿದ ಹಂತ) ಒಂದೇ ಮೆಟ್ಟಿಲು ಕೆಳಗೆ ಎಂದು ಓದಿದಾಗಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಬಯಾಪ್ಸಿ (ಲಿವರಿನ ಚೂರು ತೆಗೆದು ಪರೀಕ್ಷಿಸುವುದು) ಮಾಡಿಸಿದರಷ್ಟೇ ನಿಜ ತಿಳಿಯುತ್ತದೆ ಎಂದು ಒಬ್ಬರು, ಅದು ಬೇಡವೆಂದು ಇನ್ನೊಬ್ಬರು ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಲಿವರ್ ರೋಗಿಗಳನ್ನು ನೋಡುವ ವೈದ್ಯ)

ಫೈಬ್ರೋಸ್ಕ್ಯಾನ್ ನೇರವಾಗಿ ಅಳೆಯುವುದು ಗಾಯ ಮಾಗಿದಂತೆ ಲಿವರಿನಲ್ಲಿ ಉಳಿಯುವ ಕಲೆಯನ್ನಲ್ಲ (ಫೈಬ್ರೋಸಿಸ್), ಲಿವರಿನ ಗಡಸುತನವನ್ನು. ಬಲಪಕ್ಕೆಲುಬುಗಳ ನಡುವೆ ಯಂತ್ರವು ಮೆಲ್ಲನೆ ತಟ್ಟಿ, ಆ ತಟ್ಟಿನ ಅಲೆ ಲಿವರಿನೊಳಗೆ ಎಷ್ಟು ವೇಗವಾಗಿ ಸಾಗುತ್ತದೆ ಎಂಬುದನ್ನು ಅಲ್ಟ್ರಾಸೌಂಡ್ ಮೂಲಕ ಗಮನಿಸುತ್ತದೆ. ಅಂಗ ಗಡುಸಾದಷ್ಟೂ ಅಲೆಯ ವೇಗ ಹೆಚ್ಚು. ಕಲೆಗಟ್ಟಿದ ಲಿವರ್ ಗಡುಸಾಗುವುದು ನಿಜ, ಆದರೆ ಉರಿಯೂತದಿಂದ ಊದಿಕೊಂಡ ಲಿವರ್ ಕೂಡ ಗಡುಸಾಗುತ್ತದೆ, ಊಟವಾದ ಮೇಲೆ ಅದಕ್ಕೆ ರಕ್ತದ ಹರಿವು ಹೆಚ್ಚಿದಾಗಲೂ ಅಂಕಿ ಮೇಲೇರುತ್ತದೆ. ಎಸ್‌ಜಿಪಿಟಿ 96 ಇದ್ದ ಸಮಯದಲ್ಲಿ ಬಂದ 9.8ರಲ್ಲಿ ಎಷ್ಟು ಪಾಲು ಕಲೆಯದು, ಎಷ್ಟು ಪಾಲು ಉರಿಯೂತದ್ದು ಎಂದು ಯಂತ್ರ ಹೇಳಲಾರದು. ಆದ್ದರಿಂದ ಆ 'ಎಫ್3' ಎಂಬ ಮುದ್ರೆಯನ್ನು ಅಂತಿಮ ತೀರ್ಪೆಂದು ತಿಳಿಯಬೇಡಿ.

ರಕ್ತಪರೀಕ್ಷೆಯಿಂದಲೇ ಎಪಿಆರ್‌ಐ ಎಂಬ ಸೂಚ್ಯಂಕವನ್ನು ಮನೆಯಲ್ಲೇ ಲೆಕ್ಕಹಾಕಬಹುದು. ಎಸ್‌ಜಿಒಟಿ 64ನ್ನು ಪ್ರಯೋಗಾಲಯದ ಮೇಲ್ಮಿತಿಯಿಂದ, ಅದು 40 ಎಂದಿಟ್ಟುಕೊಂಡರೆ, ಭಾಗಿಸಿದಾಗ 1.6 ಬರುತ್ತದೆ, ಅದನ್ನು ಸಾವಿರಗಳಲ್ಲಿ ಹೇಳಿದ ಪ್ಲೇಟ್‌ಲೆಟ್ ಸಂಖ್ಯೆ 180ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 0.89. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯಂತೆ ಎಪಿಆರ್‌ಐ 0.5 ಅಥವಾ ಫೈಬ್ರೋಸ್ಕ್ಯಾನ್ 7 ಮೀರಿದರೆ ಗಣನೀಯ ಕಲೆಯಿದೆಯೆಂದೂ, ಎಪಿಆರ್‌ಐ 1 ಅಥವಾ ಫೈಬ್ರೋಸ್ಕ್ಯಾನ್ 12.5 ಮೀರಿದರೆ ಸಿರೋಸಿಸ್ ಎಂದೂ ಪರಿಗಣಿಸುತ್ತಾರೆ. ನಿಮ್ಮ ತಮ್ಮನ ಎರಡು ಅಂಕಿಗಳೂ ನಡುವಿನಲ್ಲಿವೆ.

ಬಯಾಪ್ಸಿಯಲ್ಲಿ ಸಿಗುವ ಚೂರು ಇಡೀ ಲಿವರಿನ ಸುಮಾರು 50,000ದಲ್ಲಿ ಒಂದು ಭಾಗ ಮಾತ್ರ, ರಕ್ತಸ್ರಾವದ ಸಣ್ಣ ಅಪಾಯವೂ ಇದೆ. ಪರೀಕ್ಷೆಗಳು ಒಂದಕ್ಕೊಂದು ತಾಳೆಯಾಗದಿದ್ದಾಗ ಅಥವಾ ಬೇರೊಂದು ಲಿವರ್ ಕಾಯಿಲೆಯ ಸಂಶಯವಿದ್ದಾಗ ಅದು ಬೇಕಾಗುತ್ತದೆ. ಇಲ್ಲಿ ವೈರಸ್ 2,000 ಐಯು ಮೀರಿದೆ, ಎಸ್‌ಜಿಪಿಟಿ ಏರಿದೆ. ಕಲೆ ಎಷ್ಟೇ ಇರಲಿ, ಇಷ್ಟರಿಂದಲೇ ಚಿಕಿತ್ಸೆಗೆ ಅರ್ಹತೆ ಬರುತ್ತದೆ. ಔಷಧದ ನಿರ್ಧಾರವನ್ನು ಬದಲಿಸದ ಬಯಾಪ್ಸಿಗೆ ಅವರನ್ನು ಒಡ್ಡುವುದು ನನಗೆ ಸರಿಕಾಣುವುದಿಲ್ಲ. ಸ್ಕ್ಯಾನ್‌ಗೆ ಮೊದಲು ಅವರು ಏನಾದರೂ ತಿಂದಿದ್ದರೇ?

ಉತ್ತರ 2 (ಪ್ರಶ್ನೆ ಕೇಳಿದವರು)

ವಿಚಾರಿಸಿದೆ. ತಿಂಡಿ ತಿಂದು ಮುಕ್ಕಾಲು ಗಂಟೆಯೊಳಗೆ ಸ್ಕ್ಯಾನ್ ಮಾಡಿದ್ದಾರೆ, ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಯಾರೂ ತಿಳಿಸಿರಲಿಲ್ಲ. ಹಾಗಾದರೆ ಮತ್ತೊಮ್ಮೆ ಮಾಡಿಸುವವರೆಗೆ ಮಾತ್ರೆ ಆರಂಭಿಸದೆ ಕಾಯಬೇಕೇ?

ಉತ್ತರ 3 (ಚಿಕಿತ್ಸೆ ಪಡೆಯುತ್ತಿರುವವರು)

ನಾನು ಹೆಪಟೈಟಿಸ್ ಬಿ ವೈರಸ್ ತಗ್ಗಿಸುವ ಟೆನೋಫೊವಿರ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಫೈಬ್ರೋಸ್ಕ್ಯಾನ್ ಆರಂಭದಲ್ಲಿ 14.2 ಇದ್ದದ್ದು ಒಂದೇ ವರ್ಷದಲ್ಲಿ 9ಕ್ಕೆ ಇಳಿದಾಗ ಕಲೆಯೆಲ್ಲ ಮಾಯವಾಯಿತೆಂದು ಸಂತೋಷಪಟ್ಟಿದ್ದೆ. ಮೊದಲ ವರ್ಷದ ಇಳಿಕೆ ಹೆಚ್ಚಾಗಿ ಉರಿಯೂತ ತಗ್ಗಿದ್ದರ ಫಲ, ಕಲೆ ಕರಗಲು ವರ್ಷಗಳೇ ಬೇಕು ಎಂದು ವೈದ್ಯರು ತಿಳಿಸಿ ಹೇಳಿದರು. ಅಂಕಿ ಇಳಿದರೂ ಲಿವರ್ ಕ್ಯಾನ್ಸರ್ ಮೇಲೆ ಕಣ್ಣಿಡಲು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸುವುದನ್ನು ಅವರು ನಿಲ್ಲಿಸಲು ಬಿಟ್ಟಿಲ್ಲ.

ಉತ್ತರ 4 (ಮೊದಲ ಉತ್ತರ ಬರೆದ ವೈದ್ಯ)

ಕಾಯುವ ಅಗತ್ಯವಿಲ್ಲ. ಕನಿಷ್ಠ ಮೂರು ಗಂಟೆ ಉಪವಾಸವಿದ್ದು ಇನ್ನೊಮ್ಮೆ ಸ್ಕ್ಯಾನ್ ಮಾಡಿಸಲಿ, ಹತ್ತು ಅಳತೆಗಳ ಐಕ್ಯೂಆರ್ (ಅಳತೆಗಳು ಒಂದಕ್ಕೊಂದು ಎಷ್ಟು ಚದುರಿವೆ ಎಂಬುದರ ಸೂಚಕ) ಮಧ್ಯದ ಅಳತೆಯ ಶೇ. 30ರೊಳಗಿದೆಯೇ ಎಂದು ವರದಿಯಲ್ಲಿ ನೋಡಿ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷಿಸಿ ಮಾತ್ರೆ ಆರಂಭಿಸುವ ವಿಷಯವನ್ನು ಅವರ ವೈದ್ಯರೊಂದಿಗೆ ಈ ವಾರವೇ ಮಾತನಾಡಿ. ಕಲೆ ಕರಗುವ ಬಗ್ಗೆ ಒಂದು ಮಾತು: 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಐದು ವರ್ಷ ಟೆನೋಫೊವಿರ್ ಪಡೆದ ನಂತರ ಮರುಬಯಾಪ್ಸಿ ಮಾಡಿಸಿಕೊಂಡವರಲ್ಲಿ ಮೊದಲು ಸಿರೋಸಿಸ್ ಇದ್ದವರು 96 ಮಂದಿ, ಅವರ ಪೈಕಿ 71 ಮಂದಿಯಲ್ಲಿ ಅದು ಉಳಿದಿರಲಿಲ್ಲ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಈ ಔಷಧ ಉಚಿತವಾಗಿ ಸಿಗುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಹೋಗುವಾಗ ಹಳೆಯ ವರದಿಗಳನ್ನೆಲ್ಲ ಜೊತೆಗೆ ಒಯ್ಯಿರಿ.